ಅನ್‌ಸ್ವಾಡಲ್: ಕಂದನ ಸುತ್ತುಬಟ್ಟೆ ಬಿಚ್ಚುವ ಪದ

ಹಸುಗೂಸನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸುವುದು ತಾಯಂದಿರಿಗೆ ಹೊಸದೇನಲ್ಲ. ಇಂಗ್ಲಿಷಿನಲ್ಲಿ ಹಾಗೆ ಸುತ್ತುವುದಕ್ಕೆ 'ಸ್ವಾಡಲ್' ಎನ್ನುತ್ತಾರೆ. ಸುತ್ತಿದ್ದನ್ನು ಬಿಚ್ಚುವುದಕ್ಕೂ ಒಂದು ಪದವಿದೆ. ಅದೇ 'ಅನ್‌ಸ್ವಾಡಲ್'. ಇದರ ಬಳಕೆ ಅಪರೂಪ.

ಹಳೆಯ ಇಂಗ್ಲಿಷಿನಲ್ಲಿ ಮಗುವಿಗೆ ಸುತ್ತುವ ಉದ್ದನೆಯ ಬಟ್ಟೆಪಟ್ಟಿಗೆ 'ಸ್ವೆದೆಲ್' ಎಂಬ ಹೆಸರಿತ್ತು. 'ಸ್ವಾಡಲ್' ಎಂಬ ಕ್ರಿಯಾಪದ ಅದೇ ಮೂಲದ್ದು. ಅದರ ಮುಂದೆ 'ಅನ್' ಸೇರಿಸಿದರೆ ನಮ್ಮ ಪದ ಸಿದ್ಧ. 'ಅನ್‌ಹ್ಯಾಪಿ' ಎನ್ನುವಾಗ 'ಅನ್' ಎಂದರೆ 'ಅಲ್ಲ' ಎಂದರ್ಥ. ಆದರೆ ಕ್ರಿಯಾಪದದ ಜೊತೆ ಬಂದಾಗ ಅದು ಮಾಡಿದ ಕೆಲಸವನ್ನು ಹಿಂದಕ್ಕೆ ತಿರುಗಿಸುತ್ತದೆ. 'ಟೈ' ಎಂದರೆ ಕಟ್ಟು, 'ಅನ್‌ಟೈ' ಎಂದರೆ ಬಿಚ್ಚು. ಅನ್‌ಸ್ವಾಡಲ್ ಕೂಡಾ ಹಾಗೆಯೇ.

ಯುರೋಪಿನಲ್ಲಿ ಹಿಂದೆ ಶಿಶುಗಳನ್ನು ಕೈಕಾಲು ಅಲುಗಾಡದಂತೆ ಪಟ್ಟಿಗಳಿಂದ ಬಿಗಿಯುತ್ತಿದ್ದರು. ಹಾಗೆ ಮಾಡದಿದ್ದರೆ ಅವಯವಗಳು ಸೊಟ್ಟಗಾಗುತ್ತವೆಂಬ ನಂಬಿಕೆಯಿತ್ತು. ಫ್ರೆಂಚ್ ಭಾಷೆಯ ಲೇಖಕ ರೂಸೋ 1762ರಲ್ಲಿ ತಮ್ಮ 'ಎಮಿಲ್' ಗ್ರಂಥದಲ್ಲಿ ಈ ಪದ್ಧತಿಯನ್ನು ಕಟುವಾಗಿ ವಿರೋಧಿಸಿದರು.

ಇಂದಿನ ವೈದ್ಯರೂ ಬಿಗಿಯಾದ ಸುತ್ತನ್ನು ಒಪ್ಪುವುದಿಲ್ಲ. ನವಜಾತ ಶಿಶುವಿನ ಸೊಂಟದ ಕೀಲು ಇನ್ನೂ ಮೆತ್ತಗಿರುತ್ತದೆ. ಕಾಲುಗಳನ್ನು ನೇರವಾಗಿ ಚಾಚಿ, ಒತ್ತಿ ಕಟ್ಟಿದರೆ ತೊಡೆಯ ಎಲುಬು ಕೀಲಿನಿಂದ ಜಾರುವ ಅಪಾಯವಿದೆ. ಜಪಾನಿನಲ್ಲಿ ಹಿಂದೆ ಸಾವಿರ ಮಕ್ಕಳಲ್ಲಿ 11ರಿಂದ 35 ಮಕ್ಕಳಿಗೆ ಈ ತೊಂದರೆ ಇತ್ತು. ಹೀಗೆ ಸುತ್ತಬಾರದೆಂದು ಅಲ್ಲಿನ ಅಜ್ಜಿಯಂದಿರಿಗೆ ತಿಳಿಹೇಳುವ ಅಭಿಯಾನ 1975ರಲ್ಲಿ ಆರಂಭವಾಯಿತು. ನಂತರ ಈ ಪ್ರಮಾಣ ಸಾವಿರಕ್ಕೆ 2ಕ್ಕೆ ಇಳಿಯಿತು.

ಹಾಗೆಂದು ಸುತ್ತುವುದನ್ನೇ ಬಿಡಬೇಕಾಗಿಲ್ಲ. ಹಿತವಾಗಿ ಸುತ್ತಿದರೆ ಕೂಸು ಬೆಚ್ಚಿ ಏಳದೆ ನಿದ್ರಿಸುತ್ತದೆ. ಆದರೆ ಕೆಲವು ವಿಷಯಗಳು ನಿಮ್ಮ ಗಮನದಲ್ಲಿರಲಿ:

* ಬಟ್ಟೆ ತೆಳುವಾಗಿರಲಿ. ಮಗು ಬೆವರುವಂತಾಗಬಾರದು.
* ಸೊಂಟದ ಕೆಳಗೆ ಸಡಿಲವಾಗಿರಲಿ. ಮಗು ಮೊಣಕಾಲು ಮಡಚಿ ಅಗಲಿಸುವಂತಿರಬೇಕು.
* ಸುತ್ತಿದ ಮಗುವನ್ನು ಯಾವಾಗಲೂ ಅಂಗಾತ ಮಲಗಿಸಿ.
* ಮಗು ಮಗುಚಲು ಪ್ರಯತ್ನಿಸತೊಡಗಿದ ದಿನವೇ ಸುತ್ತುವುದನ್ನು ನಿಲ್ಲಿಸಿ. ಸಾಮಾನ್ಯವಾಗಿ ಇದು ಮೂರು-ನಾಲ್ಕು ತಿಂಗಳಲ್ಲಿ ಕಾಣಿಸುತ್ತದೆ. ಸುತ್ತಿದ ಮಗು ಬೋರಲಾಗಿ ಬಿದ್ದರೆ ಕೈ ಊರಿ ಮುಖ ಎತ್ತಲಾರದು, ಉಸಿರುಗಟ್ಟಬಹುದು.
* ಒಂದು ಕಾಲು ಗಿಡ್ಡವಾಗಿ ಕಂಡರೆ, ತೊಡೆಗಳು ಸಮನಾಗಿ ಅಗಲದಿದ್ದರೆ ಕೂಡಲೇ ವೈದ್ಯರಿಗೆ ತೋರಿಸಿ.

ಕಂದನನ್ನು ಹಿತವಾಗಿ ಸುತ್ತುವುದನ್ನು ನೀವು ಮನೆಯ ಹಿರಿಯರಿಂದ ಕಲಿತಿರುತ್ತೀರಿ. ಸಕಾಲದಲ್ಲಿ ಬಿಚ್ಚುವುದನ್ನೂ ಅದರೊಂದಿಗೆ ಕಲಿತುಕೊಳ್ಳಿ.