ಅಜ್ಜನ ಮನೆಗೆ ಸಿಮೆಂಟ್ ಏಕೆ ಒಗ್ಗುವುದಿಲ್ಲ?

ಪ್ರಶ್ನೆ: ಪಿರಿಯಾಪಟ್ಟಣದ ಬಳಿ ನಮ್ಮ ಅಜ್ಜನ ಕಾಲದ ಮಣ್ಣುಗೋಡೆಯ ತೊಟ್ಟಿಮನೆ ಇದೆ. ಗಟ್ಟಿಯಾಗಲೆಂದು ಸಿಮೆಂಟ್ ಗಿಲಾವು ಮಾಡಿಸಿದೆವು. ಗೋಡೆ ಇನ್ನಷ್ಟು ಹಾಳಾಗುತ್ತಿದೆ. ಏಕೆ?

ಉತ್ತರ: ಮಣ್ಣುಗೋಡೆ ನೆಲದ ತೇವ ಹೀರುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಒಳಗೇ ನಿಂತ ನೀರು ಮಣ್ಣನ್ನು ಮೆತ್ತಗಾಗಿಸಿ, ಕೊನೆಗೆ ಗಿಲಾವನ್ನೇ ಹಪ್ಪಳದಂತೆ ಎಬ್ಬಿಸುತ್ತದೆ. ಸುಣ್ಣದ ಗಾರೆ ಹಾಗಲ್ಲ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಮತ್ತೆ ಸುಣ್ಣಕಲ್ಲಿನಂತೆ ಗಟ್ಟಿಯಾಗುತ್ತದೆ, ಆದರೂ ಆವಿಗೆ ದಾರಿ ಬಿಡುತ್ತದೆ.

ಗೋಡೆಗಿಂತ ಮೊದಲು ಸೂರು ನೋಡಿ. ಮುಂಗಾರಿಗೆ ಮುನ್ನ ಹೆಂಚು ಕೈಯಾಡಿಸುವ ರೂಢಿ ತಪ್ಪಿದ್ದೇ ಅರ್ಧ ಮನೆಗಳ ಕಾಯಿಲೆ ಎಂದು ನನ್ನ ಅನುಮಾನ. ಒಂದು ಹೆಂಚು ಸರಿದರೆ ಸಾಕು, ರೀಪು, ಜಂತೆ, ತೊಲೆ ಸಾಲಾಗಿ ಕೊಳೆಯುತ್ತವೆ, ಹಿಂದೆಯೇ ಗೆದ್ದಲು. ಎತ್ತಿದ ಹೆಂಚನ್ನು ಮಗುಚಿಯೂ ನೋಡಿ: 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುವಾದ ಬಾಸೆಲ್ ಮಿಷನ್ ಕಾರ್ಖಾನೆಯ ಮುದ್ರೆ ಸಿಕ್ಕರೂ ಸಿಕ್ಕೀತು.

ಹಿತ್ತಲಲ್ಲಿ ಗೋಡೆಗೆ ಒರಗಿಸಿ ಸೌದೆ, ಮಣ್ಣು ಪೇರಿಸಬೇಡಿ. ಸಂದಿಯಲ್ಲಿ ಮೊಳೆತ ಅರಳಿ ಸಸಿಯನ್ನು ಎರಡೆಲೆಯಲ್ಲೇ ಕೀಳಿ. ಬೇರಿಳಿದ ಮೇಲೆ ಗೋಡೆ ಬಿಚ್ಚಿಯೇ ತೆಗೆಯಬೇಕಾದೀತು.