ಉಕ್ಕೋ ಅಲ್ಯೂಮಿನಿಯಮ್ಮೋ: ರೈಫಲ್ ಮ್ಯಾಗಜಿನ್‌ನ ಲೋಹ

ರೈಫಲ್‌ನ ಮ್ಯಾಗಜಿನ್ ಎಂದರೆ ಸ್ಪ್ರಿಂಗ್ ಕೂರಿಸಿದ ಒಂದು ಪೆಟ್ಟಿಗೆ. ಸ್ಪ್ರಿಂಗ್ ಮೇಲೊಂದು ತಟ್ಟೆ, ಅದರ ಮೇಲೆ ಗುಂಡುಗಳ ಸಾಲು. ಪೆಟ್ಟಿಗೆಯ ಬಾಯಲ್ಲಿ ಒಳಕ್ಕೆ ಮಡಚಿದ ಎರಡು ಅಂಚುಗಳಿರುತ್ತವೆ. ಮೇಲಿನ ಗುಂಡು ಚಿಮ್ಮಿ ಹೋಗದಂತೆ ತಡೆಯುವುದೂ, ಬೋಲ್ಟ್ ತಳ್ಳಿದಾಗ ಅದನ್ನು ಸರಿಯಾದ ಕೋನದಲ್ಲಿ ಬಿಟ್ಟುಕೊಡುವುದೂ ಈ ಅಂಚುಗಳ ಕೆಲಸ. ಅವು ತುಸು ಅಗಲಿಸಿದರೂ ಸಾಕು, ಎರಡು ಗುಂಡುಗಳು ಒಟ್ಟಿಗೆ ನುಗ್ಗಿ ಬಂದೂಕು ಸಿಕ್ಕಿಕೊಳ್ಳುತ್ತದೆ.

ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರ್‌ಗೆ 7.85 ಗ್ರಾಂ, ಅಲ್ಯೂಮಿನಿಯಮ್ಮಿನದು 2.7 ಗ್ರಾಂ. ತೂಕದಲ್ಲಿ ಅಲ್ಯೂಮಿನಿಯಮ್ಮೇ ಗೆದ್ದಂತೆ ಕಾಣುತ್ತದೆ. ಆದರೆ ಬಾಗದೆ ನಿಲ್ಲುವ ಬಿಗಿಯಲ್ಲಿ ಉಕ್ಕು ಅದರ ಸುಮಾರು ಮೂರು ಪಟ್ಟು. ಉಕ್ಕಿನ ತೆಳು ತಗಡು ಸಾಕಾಗುವ ಕಡೆ ಅಲ್ಯೂಮಿನಿಯಮ್ ದಪ್ಪಗಿರಬೇಕಾಗುತ್ತದೆ. ಉಳಿಸಿದ ತೂಕದಲ್ಲಿ ಒಂದು ಪಾಲು ಅಲ್ಲೇ ಖರ್ಚಾಗುತ್ತದೆ.

ಈ ಲೆಕ್ಕಾಚಾರ ಚೆನ್ನಾಗಿ ಕಾಣುವುದು ಸೋವಿಯತ್ ಒಕ್ಕೂಟದ ಕಲಾಶ್ನಿಕೋವ್ ರೈಫಲ್‌ನಲ್ಲಿ. ಅದರ ಮೊದಲ ಉಕ್ಕಿನ ಮ್ಯಾಗಜಿನ್ ಖಾಲಿಯಿದ್ದಾಗಲೇ 430 ಗ್ರಾಂ ತೂಗುತ್ತಿತ್ತು. ಆಮೇಲೆ ತಗಡನ್ನು ತೆಳುವಾಗಿಸಿ, ಬಲಕ್ಕೆಂದು ಉಬ್ಬುಪಟ್ಟಿಗಳನ್ನು ಒತ್ತಿದರು. ತೂಕ 330 ಗ್ರಾಂಗೆ ಇಳಿಯಿತು. ಎಕೆಎಂ ಮಾದರಿಗೆ ಚೌಕುಳಿ ಉಬ್ಬುಗಳ ಅಲ್ಯೂಮಿನಿಯಮ್ ಮ್ಯಾಗಜಿನ್ ಬಂದಾಗ ಅದು 190 ಗ್ರಾಂ ಆಯಿತು. ನಾಲ್ಕು ಮ್ಯಾಗಜಿನ್ ಹೊರುವ ಸೈನಿಕನಿಗೆ ಅರ್ಧ ಕಿಲೋಗಿಂತ ಹೆಚ್ಚು ಉಳಿತಾಯ. ಆದರೂ ಅದು ಬಾಳಲಿಲ್ಲ. ಬಳಕೆಯಲ್ಲಿ ಬಲ ಸಾಲದೆಂದು ಬೇಗನೆ ಹಿಂದೆಗೆದುಕೊಂಡರು. ಅದರ ಜಾಗಕ್ಕೆ ಬಂದ ಪ್ಲಾಸ್ಟಿಕ್ ಮ್ಯಾಗಜಿನ್‌ನಲ್ಲೂ ಬಾಯಿಯ ಅಂಚಿಗೆ ಉಕ್ಕನ್ನೇ ಹುದುಗಿಸಿದರು. ಇಡೀ ವಿಷಯದ ತಿರುಳು ಇದೇ ಎನ್ನಬಹುದು: ಮೈ ಯಾವುದರದ್ದಾದರೂ ಆಗಲಿ, ಬಾಯಿ ಗಟ್ಟಿಯಿರಬೇಕು.

ಅಮೆರಿಕದ ಎಂ16 ಇದಕ್ಕೆ ತದ್ವಿರುದ್ಧ ದಾರಿ ಹಿಡಿದು ಮೊದಲಿನಿಂದಲೂ ಅಲ್ಯೂಮಿನಿಯಮ್ಮನ್ನೇ ಬಳಸಿತು. ಹಗುರ, ಅಗ್ಗ, ಕೆಟ್ಟರೆ ಎಸೆದು ಇನ್ನೊಂದು ತೆಗೆದುಕೊಳ್ಳಬಹುದು. ಅಮೆರಿಕದ ಸೈನಿಕ ಸಾಮಾನ್ಯವಾಗಿ 30 ಗುಂಡುಗಳ ಏಳು ಮ್ಯಾಗಜಿನ್ ಹೊರುವುದರಿಂದ ಒಂದೊಂದರ ತೂಕವೂ ಏಳರಷ್ಟಾಗುತ್ತದೆ. ಎಸೆಯಬೇಕಾದದ್ದನ್ನು ವರ್ಷಗಟ್ಟಲೆ ಬಳಸಿದಾಗಲೇ ತೊಂದರೆ: ಬಿದ್ದು ಬಿದ್ದು ಅಂಚು ಸೊಟ್ಟಗಾಗುತ್ತದೆ, ಕೆಲವೊಮ್ಮೆ ಸೀಳುತ್ತದೆ. 2009ರಲ್ಲಿ ಅಮೆರಿಕದ ಸೇನೆ ಮ್ಯಾಗಜಿನ್ ಸುಧಾರಿಸಿದಾಗ ಲೋಹವನ್ನು ಮುಟ್ಟದೆ, ಗುಂಡು ಎತ್ತುವ ತಟ್ಟೆ ಮತ್ತು ಸ್ಪ್ರಿಂಗನ್ನು ಬದಲಿಸಿತು. ಎಷ್ಟೋ ಸಲ ಲೋಹದ ಮೇಲೆ ಹೊರಿಸುವ ದೋಷ ಈ ಎರಡರದ್ದಾಗಿರುತ್ತದೆ.

ತುಕ್ಕಿನ ವಿಚಾರದಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. ಉಕ್ಕಿಗೆ ಬಣ್ಣ ಅಥವಾ ರಾಸಾಯನಿಕ ಲೇಪ ಬೇಕೇ ಬೇಕು. ಲೇಪ ಕಿತ್ತುಹೋದ ಜಾಗಕ್ಕೆ ಎಣ್ಣೆ ಕಾಣಿಸದಿದ್ದರೆ ತೇವದ ಹವೆಯಲ್ಲಿ ತುಕ್ಕು ಬೇಗ ಹಿಡಿಯುತ್ತದೆ. ಅಲ್ಯೂಮಿನಿಯಮ್ ತನ್ನ ಮೇಲೆ ತಾನೇ ಆಕ್ಸೈಡ್ ಪದರ ಕಟ್ಟಿಕೊಳ್ಳುವುದರಿಂದ ಈ ಕಾಟ ಕಡಿಮೆ.

ಈಗ ಪ್ಲಾಸ್ಟಿಕ್ ಎರಡನ್ನೂ ಬದಿಗೆ ಸರಿಸುತ್ತಿದೆ. ಬ್ರಿಟನ್ನಿನ ಸೇನೆ ಅಫ್ಘಾನಿಸ್ತಾನ ಯುದ್ಧದ ಕಾಲದಲ್ಲಿ ಉಕ್ಕಿನ ಭಾರ ಬಿಟ್ಟು ಪ್ಲಾಸ್ಟಿಕ್‌ಗೆ ಹೊರಳಿತು. ಅದೂ ದೋಷವಿಲ್ಲದ್ದೇನಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿ ಭಾರತದ ಇನ್ಸಾಸ್ ರೈಫಲ್‌ನ ಪ್ಲಾಸ್ಟಿಕ್ ಮ್ಯಾಗಜಿನ್‌ಗಳು ಚಳಿಗೆ ಬಿರುಕು ಬಿಡುತ್ತವೆಂಬ ದೂರು ಬಂದಿತ್ತು.

ಲೋಹಗಳೆರಡರಲ್ಲೇ ಆರಿಸಬೇಕಿದ್ದರೆ, ದಿನವೂ ಕೆಳಗೆ ಬೀಳುವ ತರಬೇತಿ ಮೈದಾನಕ್ಕೆ ಉಕ್ಕು ಸರಿ. ಹೊತ್ತು ದೂರ ನಡೆಯಬೇಕಾದವರಿಗೆ ಅಲ್ಯೂಮಿನಿಯಮ್. ಯಾವುದೇ ಆದರೂ ಅಂಚು ಬಾಗಿದ ಮ್ಯಾಗಜಿನನ್ನು ಇಕ್ಕಳದಲ್ಲಿ ನೆಟ್ಟಗೆ ಮಾಡಿ ಮತ್ತೆ ಬಳಸುವುದು ತಪ್ಪು. ಅದನ್ನು ಗುಜರಿಗೆ ಹಾಕಬೇಕು.