ಮಾಯ್ದ ಎಲುಬಿನ ಸಾಕ್ಷ್ಯ

ಭೀಮಾ ಮತ್ತು ಕಾಗಿಣಾ ನದಿಗಳ ಆಸುಪಾಸಿನ ನಾಡು ಕಲ್ಲಿನ ನಾಡು. ಶಹಾಬಾದಿನ ಹಾಸುಗಲ್ಲು ದೇಶದ ಎಷ್ಟೋ ಮನೆಗಳ ನೆಲವಾಗಿದೆ. ವಾಡಿ ಮತ್ತು ಸೇಡಂಗಳ ಸಿಮೆಂಟ್ ಕಾರ್ಖಾನೆಗಳಿಗೆ ಇಲ್ಲಿಯ ಸುಣ್ಣಕಲ್ಲೇ ಆಧಾರ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ದೊರೆತ ಅಶೋಕನ ಶಾಸನವೂ, ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ಆ ಚಕ್ರವರ್ತಿಯ ಹೆಸರನ್ನೇ ಹೊತ್ತು ನಿಂತ ಶಿಲ್ಪವೂ ಈ ನೆಲದ ಲಿಖಿತ ಚರಿತ್ರೆಯನ್ನು ಎರಡು ಸಾವಿರ ವರ್ಷಗಳಿಗೂ ಹಿಂದಕ್ಕೆ ಕೊಂಡೊಯ್ದಿವೆ. ಅದಕ್ಕೂ ಹಿಂದೆ, ಅಕ್ಷರವೇ ಇಲ್ಲದಿದ್ದ ಕಾಲದಲ್ಲಿ ಇಲ್ಲಿ ಬಾಳಿ ಮಡಿದವರ ವೃತ್ತಾಂತವನ್ನು ಹೇಳುವವರಾರು? ಅವರು ಬಿಟ್ಟುಹೋದ ಕಲ್ಲಿನ ಆಯುಧ, ಮಡಕೆಯ ಚೂರು ಮತ್ತು ಗೋರಿಗಳೊಂದಿಗೆ ಅವರ ಎಲುಬುಗಳೂ ಸಾಕ್ಷಿ ನುಡಿಯುತ್ತವೆ. ಆ ಸಾಕ್ಷ್ಯವನ್ನು ಸರಿಯಾಗಿ ಓದದಿದ್ದರೆ ಮಡಿದವರಿಗೆ ಅನ್ಯಾಯವಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲಿಯೇ ಒಂದು ನಿದರ್ಶನವಿದೆ.

ಜೇವರ್ಗಿಯ ಗೋರಿಗಳು

ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ (1808–1876) ಎಂಬ ಆಂಗ್ಲ ಅಧಿಕಾರಿ ಈ ಭಾಗದ ಬೃಹತ್ ಶಿಲಾಗೋರಿಗಳನ್ನು ಮೊದಲು ಶ್ರದ್ಧೆಯಿಂದ ಗಮನಿಸಿದವರಲ್ಲಿ ಒಬ್ಬನು. ಭೀಮಾ ತೀರದ ಫಿರೋಜಾಬಾದಿಗೆ ಸಮೀಪದ ಜೇವರ್ಗಿಯ ಪ್ರಾಚೀನ ಅವಶೇಷಗಳನ್ನು ಕುರಿತು ಆತನ ಲೇಖನವು 1851ರಲ್ಲಿ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ಆತನು ಅಲ್ಲಿಯ ಕಲ್ಲುಗುಪ್ಪೆಗಳನ್ನು ಅಗೆಸಿ, ಕಂಡದ್ದನ್ನು ಚಿತ್ರಸಹಿತ ವಿವರಿಸಿದನು. ಕೆಲವು ಅಸ್ಥಿಪಂಜರಗಳ ತಲೆಬುರುಡೆಗಳು ಮುಂಡದಿಂದ ಬೇರೆಯಾಗಿ ಬಿದ್ದಿದ್ದವು. ಇದನ್ನು ಕಂಡ ಟೇಲರನು ಇವು ನರಬಲಿಯ ಗುರುತುಗಳೆಂದು ಬಗೆದನು.

ಟೇಲರನ ಪರಿಶ್ರಮವು ಗೌರವಾರ್ಹವಾದುದೇ. ಆ ಕಾಲದಲ್ಲಿ ಅಷ್ಟು ಎಚ್ಚರದಿಂದ ಅಗೆದು ಬರೆದಿಟ್ಟವರು ವಿರಳ. ಆದರೆ ಆತನ ತೀರ್ಮಾನವನ್ನು ಇಂದಿನ ಅಸ್ಥಿವಿಜ್ಞಾನವು ಹಾಗೆಯೇ ಒಪ್ಪಲಾರದು. ಶವವು ಕೊಳೆತು ಸಂಧಿಬಂಧಗಳು ಕಳಚಿದ ಮೇಲೆ ಗೋರಿಯೊಳಗಿನ ಬರಿದಾದ ಜಾಗದಲ್ಲಿ ತಲೆಬುರುಡೆ ಉರುಳಿ ದೂರ ಸರಿಯುವುದುಂಟು. ಮೇಲಿನ ಮಣ್ಣು ಕುಸಿದು, ಇಲಿ ಹೆಗ್ಗಣಗಳು ಬಿಲ ತೋಡಿ ಎಲುಬುಗಳನ್ನು ಚದುರಿಸುವುದುಂಟು. ದೇಹವನ್ನು ಬೇರೆಡೆ ಇಟ್ಟು, ಮಾಂಸ ಕಳೆದ ಮೇಲೆ ಎಲುಬುಗಳನ್ನಷ್ಟೇ ಆಯ್ದು ಹೂಳುವ ಪದ್ಧತಿಯೂ ದಕ್ಷಿಣ ಭಾರತದ ಬೃಹತ್ ಶಿಲಾಯುಗದ ಜನರಲ್ಲಿ ರೂಢಿಯಲ್ಲಿತ್ತು. ತಲೆ ಕಡಿದದ್ದು ನಿಜವಾದರೆ ಕತ್ತಿನ ಮಣಿಗಳ ಮೇಲೆ ಅಥವಾ ದವಡೆಯ ಮೂಲೆಯಲ್ಲಿ ಹರಿತವಾದ ಆಯುಧದ ಗೆರೆ ಇರಬೇಕು. ತಲೆ ದೂರ ಬಿದ್ದಿದೆ ಎಂಬುದೊಂದೇ ಕೊಲೆಗೆ ಸಾಕ್ಷಿಯಾಗದು.

ಪೆಟ್ಟು ಯಾವಾಗ ಬಿದ್ದದ್ದು?

ಪ್ರಾಚೀನ ಎಲುಬಿನ ಮುಂದೆ ಕುಳಿತ ವಿದ್ವಾಂಸನು ಮೊದಲು ಕೇಳಿಕೊಳ್ಳುವ ಪ್ರಶ್ನೆ, ಈ ಮುರಿತವು ಬದುಕಿದ್ದಾಗ ಆದುದೋ, ಸಾವಿನ ಹೊತ್ತಿನಲ್ಲಿ ಆದುದೋ, ಸತ್ತು ಎಷ್ಟೋ ಕಾಲದ ಮೇಲೆ ಆದುದೋ ಎಂಬುದು. ಹಸಿಯ ಟೊಂಗೆಯನ್ನೂ ಒಣಗಿದ ಕಟ್ಟಿಗೆಯನ್ನೂ ಮುರಿದು ನೋಡಿದವರಿಗೆ ಇದರ ತತ್ತ್ವ ಸುಲಭವಾಗಿ ತಿಳಿಯುತ್ತದೆ. ಜೀವಂತ ಎಲುಬಿನಲ್ಲಿ ನೀರಿನ ಅಂಶವೂ ನಾರಿನಂತಹ ಸಾರಜನಕ ದ್ರವ್ಯವೂ ತುಂಬಿರುವುದರಿಂದ ಅದಕ್ಕೆ ಬಾಗುವ ಗುಣವಿದೆ. ಅದು ಓರೆಯಾಗಿ, ನಯವಾದ ಹರಿತ ಅಂಚಿನೊಡನೆ ಸೀಳುತ್ತದೆ. ಶತಮಾನಗಳ ಕಾಲ ಮಣ್ಣಿನಲ್ಲಿ ಒಣಗಿದ ಎಲುಬು ಸೀಮೆಸುಣ್ಣದ ಕಡ್ಡಿಯಂತೆ ಅಡ್ಡಲಾಗಿ, ಒರಟಾಗಿ ತುಂಡಾಗುತ್ತದೆ. ಬಣ್ಣವೂ ಸುಳಿವು ಕೊಡುತ್ತದೆ. ಹಳೆಯ ಮುರಿತದ ಮುಖವು ಉಳಿದ ಎಲುಬಿನಂತೆಯೇ ಮಣ್ಣಿನ ಬಣ್ಣವನ್ನು ಹೀರಿಕೊಂಡಿರುತ್ತದೆ. ಅಗೆಯುವವನ ಗುದ್ದಲಿಯಿಂದಾದ ಮುರಿತದ ಒಳಮುಖ ಬೆಳ್ಳಗೆ ಕಾಣುತ್ತದೆ.

ಸಾವಿನ ಹೊತ್ತಿನಲ್ಲಿ ಬಿದ್ದ ಪೆಟ್ಟಿಗೂ, ಸತ್ತ ಕೆಲವೇ ದಿನಗಳಲ್ಲಿ ಹಸಿ ಎಲುಬಿನ ಮೇಲೆ ಬಿದ್ದ ಪೆಟ್ಟಿಗೂ ಭೇದ ಎಣಿಸುವುದು ಬಹು ಕಠಿಣ. ಆದರೆ ಮಾಯ್ದ ಗಾಯದ ವಿಷಯದಲ್ಲಿ ಈ ತೊಡಕಿಲ್ಲ. ಸತ್ತ ಎಲುಬು ಎಂದಿಗೂ ಮಾಯುವುದಿಲ್ಲ. ಮಾಯ್ದ ಗುರುತು ಕಂಡಿತೆಂದರೆ ಆ ವ್ಯಕ್ತಿ ಪೆಟ್ಟಿನ ನಂತರ ಬದುಕಿದ್ದನೆಂಬುದು ನಿಶ್ಚಯ.

ಎಲುಬು ಕೂಡುವ ಬಗೆ

ಎಲುಬು ಮುರಿದೊಡನೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮುಂದಿನ ಎರಡು ಮೂರು ವಾರಗಳಲ್ಲಿ ಆ ಹೆಪ್ಪಿನ ಜಾಗದಲ್ಲಿ ಮೃದುವಾದ ಬೆಸುಗೆಯ ಗಂಟು ಬೆಳೆಯುತ್ತದೆ. ಅನಂತರ ಅದರಲ್ಲಿ ಸುಣ್ಣದ ಅಂಶ ಸೇರಿ ಒರಟು ನೇಯ್ಗೆಯ ಹೊಸ ಎಲುಬು ಮೂಡುತ್ತದೆ. ವಯಸ್ಕರ ಕೈಕಾಲುಗಳ ಎಲುಬು ಗಟ್ಟಿಯಾಗಿ ಕೂಡಲು ಸಾಮಾನ್ಯವಾಗಿ 6ರಿಂದ 12 ವಾರಗಳು ಬೇಕು, ತೊಡೆಯಂತಹ ದೊಡ್ಡ ಎಲುಬಿಗೆ ಇನ್ನೂ ಹೆಚ್ಚು. ಆ ಬಳಿಕ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ದೇಹವು ಆ ಗಂಟನ್ನು ತಿದ್ದಿ ತೀಡಿ ಮೊದಲಿನ ಆಕಾರಕ್ಕೆ ತರಲು ಯತ್ನಿಸುತ್ತದೆ. ಮಕ್ಕಳಲ್ಲಿ ಈ ತಿದ್ದುಪಡಿ ಎಷ್ಟು ಪೂರ್ಣವಾಗುತ್ತದೆಂದರೆ, ಬಾಲ್ಯದ ಮುರಿತವು ದೊಡ್ಡವರಾದ ಮೇಲೆ ಕಣ್ಣಿಗೆ ಕಾಣದೆಯೂ ಹೋಗಬಹುದು.

ಆದ್ದರಿಂದ ಪರೀಕ್ಷಕನು ಹಂತಗಳನ್ನು ಹುಡುಕುತ್ತಾನೆ. ಮುರಿದ ಅಂಚು ಸ್ವಲ್ಪವೇ ದುಂಡಾಗಿ, ಹೊರಮೈಮೇಲೆ ತೆಳುವಾದ ಹೊಸ ಎಲುಬಿನ ಪದರ ಮೂಡಿದ್ದರೆ ಗಾಯಾಳು ಕೆಲವೇ ವಾರ ಬದುಕಿದ್ದನೆಂದು ತಿಳಿಯಬೇಕು. ಗಂಟು ನಯಗೊಂಡು ಸುತ್ತಣ ಎಲುಬಿನೊಡನೆ ಒಂದಾಗಿದ್ದರೆ ಅನೇಕ ತಿಂಗಳು ಅಥವಾ ವರ್ಷಗಳ ಬಾಳು ಕಂಡಂತೆ. ತಲೆಬುರುಡೆಯ ಕ್ರಮ ಬೇರೆ. ಅಲ್ಲಿ ದಪ್ಪನೆಯ ಗಂಟು ಮೂಡುವುದಿಲ್ಲ. ತಗ್ಗಾದ ಕುಳಿಯ ಅಂಚುಗಳು ನುಣುಪಾಗಿರುವುದು, ಸೀಳಿದ ಜಾಗದಲ್ಲಿ ತೆರೆದ ರಂಧ್ರಮಯ ಭಾಗವು ಮುಚ್ಚಿಕೊಂಡಿರುವುದು ಮಾಯ್ದುದರ ಗುರುತು. ಹೊರನೋಟಕ್ಕೆ ಸಂದೇಹ ಉಳಿದಲ್ಲಿ ಕ್ಷ-ಕಿರಣದ ಚಿತ್ರವೂ, ಈಗಿನ ದಿನಗಳಲ್ಲಿ ಸಿ.ಟಿ. ಸ್ಕ್ಯಾನ್ ಯಂತ್ರವೂ ಒಳಗಿನ ಹಳೆಯ ಮುರಿತದ ಗೆರೆಯನ್ನು ತೋರಿಸುತ್ತವೆ.

ಮುರಿತದ ಸ್ಥಾನವೂ ಕಥೆ ಹೇಳುತ್ತದೆ. ಮುಂಗೈಯ ಎರಡು ಎಲುಬುಗಳಲ್ಲಿ ಹೆಬ್ಬೆರಳ ಕಡೆಯದು ಮಣಿಕಟ್ಟಿನ ಬಳಿ ಮುರಿದಿದ್ದರೆ, ಜಾರಿ ಬೀಳುವಾಗ ಅಂಗೈ ಊರಿದ್ದರ ಫಲವೆಂದು ಊಹಿಸಬಹುದು. ಕಿರುಬೆರಳ ಕಡೆಯ ಎಲುಬೊಂದೇ ನಡುಭಾಗದಲ್ಲಿ ಅಡ್ಡಲಾಗಿ ಮುರಿದಿದ್ದರೆ, ತಲೆಯ ಮೇಲೆ ಬರುತ್ತಿದ್ದ ದೊಣ್ಣೆಯ ಏಟಿಗೆ ಕೈ ಅಡ್ಡ ಹಿಡಿದಿರುವ ಸಂಭವವುಂಟು. ಕಲ್ಲುಗಣಿಯಲ್ಲಿ ದುಡಿದವರಿಗೆ, ಹೊಲದಲ್ಲಿ ಎತ್ತಿನ ಒದೆ ತಿಂದವರಿಗೆ ಇಂತಹ ಪೆಟ್ಟುಗಳ ಪರಿಚಯ ಇಂದಿಗೂ ಇದೆ. ಆದರೆ ಒಂದೇ ಎಲುಬಿನಿಂದ ಜಗಳವನ್ನು ಕಲ್ಪಿಸುವುದು ಅವಸರದ ಮಾತಾದೀತು. ಒಂದೇ ಊರಿನ ಅನೇಕ ಗೋರಿಗಳ ಎಲುಬುಗಳನ್ನು ಒಟ್ಟಾಗಿ ನೋಡಿದಾಗಲೇ ಆ ಜನರು ಬಿದ್ದು ಗಾಯಗೊಂಡರೋ ಕಾದಾಡಿ ಗಾಯಗೊಂಡರೋ ಎಂಬುದು ಸ್ಪಷ್ಟವಾಗುತ್ತದೆ.

ಇತಿಹಾಸವನ್ನು ತಿದ್ದಿದ ಗಾಯ

ಇಂತಹ ಪರೀಕ್ಷೆಯ ಮಹತ್ತ್ವವನ್ನು ಮೊಹೆಂಜೊದಾರೊ ತೋರಿಸಿಕೊಟ್ಟಿತು. ಅಲ್ಲಿಯ ಬೀದಿ ಕೋಣೆಗಳಲ್ಲಿ ಅಸ್ತವ್ಯಸ್ತವಾಗಿ ದೊರೆತ ಅಸ್ಥಿಪಂಜರಗಳನ್ನು ಆಧರಿಸಿ, ಹೊರಗಿನಿಂದ ಬಂದ ದಾಳಿಕಾರರು ಆ ನಗರವಾಸಿಗಳನ್ನು ಕಗ್ಗೊಲೆ ಮಾಡಿದರೆಂಬ ವಾದವನ್ನು ಮಾರ್ಟಿಮರ್ ವೀಲರ್ 1947ರಲ್ಲಿ ಮಂಡಿಸಿದರು. ಅದೇ ವರ್ಷ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿ ದಕ್ಷಿಣದ ಪ್ರಾಗಿತಿಹಾಸಕ್ಕೆ ಭದ್ರವಾದ ಕಾಲಾನುಕ್ರಮ ಹಾಕಿಕೊಟ್ಟವರೂ ಅವರೇ. 1964ರಲ್ಲಿ ಜಾರ್ಜ್ ಡೇಲ್ಸ್ ಈ ಕಗ್ಗೊಲೆಯ ಕಥೆಯನ್ನು ಪ್ರಶ್ನಿಸಿದರು. ಬಳಿಕ ಕೆನೆತ್ ಕೆನಡಿ ಎಂಬ ಮಾನವಶಾಸ್ತ್ರಜ್ಞರು ಎಲುಬುಗಳನ್ನೇ ಮತ್ತೆ ಪರಿಶೀಲಿಸಿದಾಗ, ಕತ್ತಿಯ ಏಟೆಂದು ಬಗೆದ ಗುರುತುಗಳಲ್ಲಿ ಹೆಚ್ಚಿನವು ಮಣ್ಣಿನಲ್ಲಿ ಸವೆದುದರ ಫಲವೆಂದು ಕಂಡುಬಂದಿತು. ನಿಜವಾದ ಗಾಯ ಒಂದೆರಡು ಬುರುಡೆಗಳಲ್ಲಿ ಮಾತ್ರ ಇತ್ತು. ಅವುಗಳಲ್ಲಿಯೂ ಒಂದು ಸಾವಿಗೆ ಮೊದಲೇ ಮಾಯ್ದಿತ್ತು. ಮಾಯ್ದ ಗಾಯದವನು ಆ ಏಟಿನಿಂದ ಸತ್ತವನಲ್ಲ. ಒಂದು ಜನಾಂಗದ ಮೇಲೆ ಹೊರಿಸಿದ್ದ ಕೊಲೆಯ ಆರೋಪವು ಎಲುಬಿನ ಅಂಚನ್ನು ಎಚ್ಚರದಿಂದ ನೋಡಿದ್ದರಿಂದ ಕುಸಿದುಬಿದ್ದಿತು.

ಆರೈಕೆಯ ಕುರುಹು

ಮಾಯ್ದ ಎಲುಬು ಇನ್ನೊಂದು ವಿಚಾರಕ್ಕೂ ಎಡೆಮಾಡಿದೆ. ಇರಾಕಿನ ಶಾನಿದಾರ್ ಗವಿಯಲ್ಲಿ 1957ರಲ್ಲಿ ದೊರೆತ ನಿಯಾಂಡರ್ತಾಲ್ ಪುರುಷನ ಅಸ್ಥಿಪಂಜರವು ಸುಮಾರು 45 ಸಾವಿರ ವರ್ಷಗಳಿಗೂ ಹಳೆಯದು. ಆತನ ಎಡಗಣ್ಣಿನ ಗೂಡು ಜಜ್ಜಿ ಮಾಯ್ದಿತ್ತು. ಬಲತೋಳು ಕೃಶವಾಗಿ, ಮೊಳಕೈಯಿಂದ ಕೆಳಗಿನ ಭಾಗವೇ ಇಲ್ಲವಾಗಿತ್ತು. ಪಾದದ ಮುರಿತವೂ ಕೂಡಿಕೊಂಡಿತ್ತು. ಇಷ್ಟಾದರೂ ಆತನು ಅನೇಕ ವರ್ಷ ಬದುಕಿದನು. ಸಂಗಡಿಗರ ನೆರವಿಲ್ಲದೆ ಇದು ಸಾಧ್ಯವಾಗುತ್ತಿತ್ತೆ ಎಂದು ವಿದ್ವಾಂಸರು ಕೇಳಿದ್ದಾರೆ.

ಇಲ್ಲಿಯೂ ಎಚ್ಚರ ಬೇಕು. ಅಡಾಲ್ಫ್ ಶುಲ್ಟ್ಸ್ ಎಂಬ ವಿಜ್ಞಾನಿ ಕಾಡಿನ ಗಿಬ್ಬನ್ ವಾನರಗಳ ಎಲುಬುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಸುಮಾರು ಮೂರನೆಯ ಒಂದು ಪಾಲಿನಲ್ಲಿ ಮಾಯ್ದ ಮುರಿತಗಳನ್ನು ಕಂಡನು. ಆ ವಾನರಗಳಿಗೆ ದಬ್ಬೆ ಕಟ್ಟಿದವರಾರೂ ಇರಲಿಲ್ಲ. ಆದುದರಿಂದ ಕೂಡಿದ ಎಲುಬೊಂದೇ ಆರೈಕೆಗೆ ಪ್ರಮಾಣವಾಗದು. ಆದರೆ ನಡೆಯಲು ಬಾರದಂತಹ ಊನವಿದ್ದೂ ವರ್ಷಗಟ್ಟಲೆ ಬದುಕಿದ ಕುರುಹು, ತೊಡೆಯೆಲುಬು ಮೋಟಾಗದೆ ನೇರವಾಗಿ ಕೂಡಿದ ಸ್ಥಿತಿ, ಕೀವು ತುಂಬಿ ಹರಿದ ರಂಧ್ರವಿದ್ದೂ ಮುಂದೆ ಗುಣವಾದ ಲಕ್ಷಣ, ಇವು ಒಟ್ಟುಗೂಡಿದಾಗ ಅನ್ನ ನೀರು ಕೊಟ್ಟು ಕಾಪಾಡಿದ ಕೈಗಳ ಇರವನ್ನು ಒಪ್ಪಲೇಬೇಕಾಗುತ್ತದೆ. ಕಾಯಕವನ್ನೂ ದಾಸೋಹವನ್ನೂ ಬಾಳಿನ ಎರಡು ಕಣ್ಣೆಂದು ತಿಳಿದ ನಾಡಿಗೆ ಈ ಕಾಣಿಕೆ ಅಪರಿಚಿತವಾಗಲಾರದು. ದುಡಿಯಲಾರದವನಿಗೂ ಪಂಕ್ತಿಯಲ್ಲಿ ಎಡೆ ಹಾಕುವ ಭಾವವು ಮಾನವನಲ್ಲಿ ಬಹು ಪುರಾತನವಾದುದು.

ನಮ್ಮ ನೆಲದ ಹೊಣೆ

ಕರ್ನಾಟಕದಲ್ಲಿ ಈ ಅಧ್ಯಯನಕ್ಕೆ ಆಧಾರಗಳಿಗೆ ಕೊರತೆಯಿಲ್ಲ. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ ನವಶಿಲಾಯುಗದ ನೆಲೆಯನ್ನು ಅಗೆದ ಡಾ. ಎಂ. ಎಸ್. ನಾಗರಾಜರಾಯರು ಮಾನವಶಾಸ್ತ್ರಜ್ಞರಾದ ಕೆ. ಸಿ. ಮಲ್ಹೋತ್ರ ಅವರೊಡನೆ 1965ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದಲ್ಲಿ ನಡೆಸಿದ ಉತ್ಖನನದಲ್ಲಿ ಮಕ್ಕಳ ಸಮಾಧಿಗಳು ದೊರೆತವು. ಅವುಗಳ ಎಲುಬುಗಳನ್ನು ಎಸ್. ಆರ್. ವಾಳಿಂಬೆಯವರು ಪರೀಕ್ಷಿಸಿದರು. ಅಗೆಯುವವನೂ ಎಲುಬು ಓದುವವನೂ ಜೊತೆಗೂಡಿ ದುಡಿದಾಗಲೇ ಫಲ ದೊರೆಯುತ್ತದೆಂಬುದನ್ನು ಇವು ತೋರಿಸುತ್ತವೆ.

ಮಣ್ಣಿನ ಗುಣವೂ ಮುಖ್ಯ. ಸುಣ್ಣದ ಅಂಶವುಳ್ಳ ನೆಲದಲ್ಲಿ ಎಲುಬು ಬಹುಕಾಲ ಉಳಿಯುತ್ತದೆ, ಹುಳಿಯಾದ ನೆಲದಲ್ಲಿ ಬೇಗ ಕರಗುತ್ತದೆ. ಚಿಂಚೋಳಿಯ ಗುಡ್ಡಗಾಡಿನ ಕೆಂಪು ಜಂಬಿಟ್ಟಿಗೆ ಮಣ್ಣಿಗಿಂತ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂಗಳ ಸುಣ್ಣಕಲ್ಲಿನ ನೆಲವು ಈ ದೃಷ್ಟಿಯಿಂದ ಹೆಚ್ಚು ಅನುಕೂಲವಾದುದು. ಆದರೆ ಮೇಲೆ ಹರಡಿದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು ಒಳಗಿನ ಎಲುಬನ್ನು ಸೀಳುವುದರಿಂದ, ಆ ಬಿರುಕನ್ನು ಗಾಯವೆಂದು ತಪ್ಪಾಗಿ ತಿಳಿಯುವ ಭಯವುಂಟು. ಎಲುಬನ್ನು ಕಾಪಾಡುವ ಸುಣ್ಣಕಲ್ಲೇ ಗಣಿಗಳಿಗೂ ಕಾರಣವಾದುದರಿಂದ ಯಂತ್ರದ ಬಾಯಿಗೆ ಹಳೆಯ ಗೋರಿಗಳು ಸಿಕ್ಕುವ ಸಂಭವವು ಇಲ್ಲಿ ಅಧಿಕ.

ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ಈ ಕಾರ್ಯದಲ್ಲಿ ನೆರವಾಗಬಲ್ಲರು. ಹೊಲದ ಒಡ್ಡು ಹಾಕುವಾಗಲೋ, ಕಲ್ಲು ತೆಗೆಯುವಾಗಲೋ ಸುತ್ತುಗಲ್ಲಿನ ಗೋರಿ ಅಥವಾ ಹಳೆಯ ಎಲುಬು ಕಂಡುಬಂದರೆ ಅದನ್ನು ಕೀಳಬಾರದು, ತೊಳೆಯಬಾರದು, ಕುತೂಹಲಕ್ಕಾಗಿ ಮನೆಗಾಗಲಿ ಶಾಲೆಗಾಗಲಿ ಒಯ್ಯಬಾರದು. ಕೆಲಸ ನಿಲ್ಲಿಸಿ, ಇದ್ದ ಸ್ಥಿತಿಯಲ್ಲಿಯೇ ಚಿತ್ರ ತೆಗೆದು, ತಹಶೀಲ್ದಾರರ ಮೂಲಕ ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ಗುದ್ದಲಿಯ ಒಂದು ಏಟಿನಿಂದ ಮಾಯ್ದ ಗಂಟು ಪುಡಿಯಾದರೆ, ಆ ವ್ಯಕ್ತಿ ನೋವುಂಡು ಬದುಕಿದನೆಂಬ, ಅವನನ್ನು ಯಾರೋ ಸಲಹಿದರೆಂಬ ಏಕೈಕ ದಾಖಲೆ ಅಳಿದುಹೋಗುತ್ತದೆ. ಉಳಿಯುವುದು ಚದುರಿದ ಬುರುಡೆ ಮಾತ್ರ. ಅದನ್ನು ಕಂಡವರು ಜೇವರ್ಗಿಯಲ್ಲಿ ಆದಂತೆ ಮತ್ತೊಮ್ಮೆ ನರಬಲಿಯ ಕಥೆ ಕಟ್ಟಿಯಾರು. ತಮ್ಮ ಪರವಾಗಿ ನುಡಿಯಲಾರದ ಆ ಹಿರಿಯರಿಗೆ ಅಂತಹ ಅಪವಾದ ತಟ್ಟದಂತೆ ನೋಡಿಕೊಳ್ಳುವುದು ಈ ನೆಲದಲ್ಲಿ ಅಕ್ಷರ ಕಲಿತವರೆಲ್ಲರ ಋಣ.